ಕೆಲಸಗಾರ ಜ್ವರವನ್ನೇಕೆ ಬಚ್ಚಿಡುತ್ತಾನೆ?

ಸದಸ್ಯ ಶಿಕ್ಷಣ ಪಾಠ

ಕೊಳೆರೋಗದ ವಿಷಯವನ್ನು ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40-45 ದಿನಗಳ ಬಳಿಕ ಇನ್ನೊಂದು ಸಲ. ರೋಗ ಕಂಡ ಮೇಲೆ ಹೊಡೆದರಾಯಿತು ಎಂದು ಕಾದವನ ತೋಟದಲ್ಲಿ ಕಾಯಿಗಳು ಮರದ ಬುಡದಲ್ಲಿರುತ್ತವೆ. ರೋಗ ಬರುವ ಮುಂಚೆಯೇ ತಡೆಯಬೇಕೆಂಬ ಮಾತು ನಮಗೆ ಅಜ್ಜನ ಕಾಲದಿಂದ ರೂಢಿಯಾದದ್ದು.

ಆದರೆ ಅಡಿಕೆ ಮರ ನಾವು ಹೊಡೆದ ಔಷಧಿಯನ್ನು ಬೇಡವೆನ್ನುವುದಿಲ್ಲ. ನಮ್ಮ ಬೆನ್ನ ಹಿಂದೆ ಒರೆಸಿ ಹಾಕುವುದೂ ಇಲ್ಲ. ಮನುಷ್ಯರ ನಡುವೆ ಹರಡುವ ರೋಗವನ್ನು ತಡೆಯಲು ಹೊರಟಾಗ ಈ ವ್ಯತ್ಯಾಸವನ್ನು ನಾನು ಮರೆತಿದ್ದೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ನನ್ನ ತೋಟದಲ್ಲಿ ನಡೆದುದನ್ನು, ಅದರಲ್ಲಿ ನನ್ನ ತಪ್ಪು ಎಷ್ಟಿತ್ತೋ ಅಷ್ಟನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಕಥೆ ಈಗೇಕೆ ಎನ್ನುವವರಿಗೆ ಉತ್ತರ ಈ ಪಾಠದ ಕೊನೆಯ ಭಾಗದಲ್ಲಿದೆ.

ಗೇಟಿನ ಮೇಲಿನ ಹಲಗೆ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್ಡನ್ನು ಜಗತ್ತಿನಾದ್ಯಂತ ಹಬ್ಬಿದ ಪಿಡುಗು ಎಂದು ಸಾರಿತು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಏಪ್ರಿಲ್ 15ರ ಕೇಂದ್ರ ಸರ್ಕಾರದ ಸೂಚನೆಯಲ್ಲಿ ಕಾಫಿ, ಚಹಾ, ರಬ್ಬರ್ ತೋಟಗಳು ಅರ್ಧದಷ್ಟು ಆಳುಗಳನ್ನಿಟ್ಟುಕೊಂಡು ಕೆಲಸ ಮಾಡಬಹುದೆಂದು ಒಪ್ಪಿಗೆ ಬಂತು. ಒಂದೆರಡು ದಿನಗಳಲ್ಲೇ ಅಡಿಕೆ, ತೆಂಗು, ಸಾಂಬಾರ ಬೆಳೆಗಳೂ ಪಟ್ಟಿಗೆ ಸೇರಿದವು. ಕೆಲಸದ ಜಾಗದಲ್ಲಿ ಪಾಲಿಸಬೇಕಾದ ನಿಯಮಗಳೂ ಜೊತೆಗೇ ಬಂದವು. ಮುಖಗವಸು, ಮನುಷ್ಯರ ನಡುವೆ ಅಂತರ, ಬಾಗಿಲಲ್ಲಿ ಮೈಬಿಸಿ ಪರೀಕ್ಷೆ, ಕೈತೊಳೆಯುವ ವ್ಯವಸ್ಥೆ, ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರದಂತೆ ಬೇರೆ ಬೇರೆ ಹೊತ್ತು. ಉಗುಳುವುದು ದಂಡಕ್ಕೆ ಗುರಿಯಾಗುವ ಅಪರಾಧವಾಯಿತು. ಅಡಿಕೆ ಬೆಳೆಯುವವನೇ ತನ್ನ ಆಳಿಗೆ ಕವಳ ಹಾಕಬೇಡವೆಂದು ಹೇಳುವ ಪ್ರಸಂಗ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಮಾಡಿದ್ದಿಷ್ಟು. ಒಂದು ಹಲಗೆಗೆ ಬಿಳಿ ಬಣ್ಣ ಬಳಿದು, ನಿಯಮಗಳನ್ನು ಬರೆಸಿ, ತೋಟದ ಗೇಟಿಗೆ ಹೊಡೆಸಿದೆ. ಮೈಬಿಸಿ ಅಳೆಯುವ ಪಿಸ್ತೂಲಿನಂಥ ಉಪಕರಣವನ್ನು ತಂದು ಮೇಸ್ತ್ರಿಯ ಕೈಗೆ ಕೊಟ್ಟೆ. ಮುಖಗವಸು ಇಳಿಸಿದವರಿಗೆ 50 ರೂಪಾಯಿ ದಂಡ. ಜ್ವರ ಬಂದವರು ಕೆಲಸಕ್ಕೆ ಬರಕೂಡದು. ಕೆಲಸಕ್ಕೆ ಬರದವರಿಗೆ ಹಾಜರಿ ಇಲ್ಲವೆಂಬುದನ್ನು ಬರೆಸಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇಷ್ಟಾದ ಮೇಲೆ ನನ್ನ ಕರ್ತವ್ಯ ಮುಗಿಯಿತೆಂದು ಸಮಾಧಾನದಿಂದ ಇದ್ದೆ.

ಮುಖಗವಸಿನ ವಿಷಯದಲ್ಲಿ ಏನಾಯಿತೆಂದರೆ, ನಾನು ಕಣದ ಕಡೆ ಹೊರಟ ಕೂಡಲೇ ಯಾರೋ ಒಬ್ಬರು ಕೆಮ್ಮುತ್ತಿದ್ದರು. ಅದು ಸಂಕೇತ. ನಾನು ತಲುಪುವಷ್ಟರಲ್ಲಿ ಎಲ್ಲರ ಮೂಗೂ ಮುಚ್ಚಿರುತ್ತಿತ್ತು. ಕೊರಳಲ್ಲಿದ್ದ ಬಟ್ಟೆ ಮೇಲೇರುವುದು, ನಾನು ತಿರುಗಿದೊಡನೆ ಇಳಿಯುವುದು. ಇದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ರೋಗದ ಲಕ್ಷಣವಾದ ಕೆಮ್ಮನ್ನೇ ಯಜಮಾನ ಬಂದನೆಂಬ ಸೂಚನೆಗೆ ಬಳಸಿದ ಜಾಣತನಕ್ಕೆ ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

2021ರ ಮೇ ತಿಂಗಳು

ಮೊದಲ ವರ್ಷ ನಮ್ಮ ಕಡೆ ಹೇಗೋ ದಾಟಿತು. ಎರಡನೆಯ ಅಲೆ 2021ರ ಏಪ್ರಿಲ್, ಮೇ ತಿಂಗಳಲ್ಲಿ ಹಳ್ಳಿಗಳಿಗೂ ನುಗ್ಗಿತು. ನಮ್ಮಲ್ಲಿ ಮೆಣಸು ಕೊಯ್ಲು ಮುಗಿದು, ಕಾಫಿ ಗಿಡದ ಕೆಲಸ ನಡೆಯುತ್ತಿತ್ತು. ಮಳೆಗೆ ಮುಂಚೆ ಬೋರ್ಡೋ ಹೊಡೆಸುವ ಸಿದ್ಧತೆಯೂ ಸಾಗಿತ್ತು. ಐದಾರು ಮೈಲಿ ದೂರದ ಊರಿನಿಂದ 11 ಜನ ಪಿಕಪ್ ಗಾಡಿಯಲ್ಲಿ ಬರುತ್ತಿದ್ದರು. ಮೇ ತಿಂಗಳ ಅಡ್ಡಮಳೆಗೆಂದು ಗಾಡಿಗೆ ನಾಲ್ಕೂ ಕಡೆ ಟಾರ್ಪಾಲು ಬಿಗಿದು ಕಟ್ಟಿತ್ತು. ಆ 11 ಜನರಲ್ಲಿ ಬೋರ್ಡೋ ಹೊಡೆಯುವ ಕೊನೆಗಾರನೊಬ್ಬನಿದ್ದ. ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದ, ಸುಲಿಗೆ ಇಲ್ಲದ ಕಾಲದಲ್ಲಿ ಕಳೆ ತೆಗೆಯಲು ಬರುತ್ತಿದ್ದ ಹೆಂಗಸೂ ಇದ್ದರು.

ಕೊನೆಗಾರನಿಗೆ ಎರಡು ದಿನದಿಂದ ಜ್ವರವಿತ್ತು. ಬೆಳಗ್ಗೆ ಎದ್ದೊಡನೆ ಅಂಗಡಿಯಿಂದ ತಂದ ಜ್ವರದ ಮಾತ್ರೆ ನುಂಗಿ ಗಾಡಿ ಹತ್ತುತ್ತಿದ್ದ. ಗೇಟಿನಲ್ಲಿ ಮೇಸ್ತ್ರಿ ಹಣೆಗೆ ಹಿಡಿದ ಉಪಕರಣ ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು. ಅದರ ತಪ್ಪೇನೂ ಇಲ್ಲ. ಮಾತ್ರೆ ತನ್ನ ಕೆಲಸ ಮಾಡಿತ್ತು, ಉಪಕರಣವೂ ತನ್ನ ಕೆಲಸ ಮಾಡಿತ್ತು. ಹತ್ತು ದಿನಗಳೊಳಗೆ ಆ 11 ಜನರಲ್ಲಿ ಏಳು ಜನ ಮಲಗಿದರು. ಸುಲಿಯುವ ಹೆಂಗಸನ್ನು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸಾಗಿಸಿದೆವು. ಒಂಬತ್ತನೆಯ ದಿನ ತೀರಿಕೊಂಡರು. ಮನೆಯವರಿಗೆ ಮುಖ ನೋಡುವುದಕ್ಕೂ ಆಗಲಿಲ್ಲ.

ಕೊನೆಗಾರ ಗುಣವಾಗಿ ಬಂದ ದಿನ ನಾನು ಅವನನ್ನು ಅಂಗಳದಲ್ಲಿ ನಿಲ್ಲಿಸಿ ಬೈದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಕೊನೆಗೆ ಹೇಳಿದ:

"ಅಯ್ಯಾ, ಜ್ವರ ಬಂದ್ರೆ ಬರಬೇಡಿ ಅಂದ್ರಿ. ಬರದಿದ್ರೆ ಹಾಜರಿ ಇಲ್ಲ ಅಂತಾನೂ ಗೊತ್ತಿತ್ತು. ಮನೇಲಿ ಐದು ಜನ ಇದೀವಿ. ಎರಡರಲ್ಲಿ ಯಾವ ಮಾತು ಕೇಳ್ಬೇಕಿತ್ತು ನಾನು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವನು ಮಾಡಿದ್ದು ಸರಿಯೆಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಜ್ವರವನ್ನು ಬಚ್ಚಿಟ್ಟವನಿಗೆ 400 ರೂಪಾಯಿ, ಹೇಳಿಕೊಂಡವನಿಗೆ ಸೊನ್ನೆ ಎಂದು ಲೆಕ್ಕ ಇಟ್ಟವನು ನಾನು. ಆಗ ನಮ್ಮಲ್ಲಿದ್ದ ದಿನಗೂಲಿ ಅಷ್ಟು.

ಬಚ್ಚಿಡುವ ಈ ಸ್ವಭಾವ ಇಂದು ನಿನ್ನೆಯದಲ್ಲ. ಪುಣೆಯಲ್ಲಿ 1897ರಲ್ಲಿ ಪ್ಲೇಗು ಬಂದಾಗ ಬ್ರಿಟಿಷ್ ಸರ್ಕಾರ ಸೈನಿಕರನ್ನು ಮನೆಗಳೊಳಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿತು. ಜನ ರೋಗಿಗಳನ್ನು ಬಚ್ಚಿಟ್ಟರು. ದ್ವೇಷ ಎಷ್ಟು ಬೆಳೆಯಿತೆಂದರೆ ಪ್ಲೇಗು ಅಧಿಕಾರಿ ರ‍್ಯಾಂಡ್ ಎಂಬಾತನ ಮೇಲೆ ಆ ವರ್ಷ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅದೇ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ 2020ರಲ್ಲೂ ಸರ್ಕಾರಗಳ ಕೈಗೆ ಬಂತು. ಕಾಯ್ದೆ ಬೇಡವೆಂದು ನನ್ನ ವಾದವಲ್ಲ. ಕಾಯ್ದೆ ಗೇಟಿನವರೆಗೆ ಬರುತ್ತದೆ, ಆದರೆ ಬೆಳಗಿನ ಐದು ಗಂಟೆಗೆ ಕೊನೆಗಾರನ ಅಡಿಗೆಮನೆಯಲ್ಲಿ ಮಾತ್ರೆ ನುಂಗಬೇಡವೆಂದು ಹೇಳಲು ಅದು ಹೋಗುವುದಿಲ್ಲ.

ನಿಯಮ ಬದಲಾಯಿಸಿದ ಬಗೆ

ಜೂನ್ ತಿಂಗಳಲ್ಲಿ ಮೇಸ್ತ್ರಿ, ರೈಟರು, ಕೊನೆಗಾರ, ಇಬ್ಬರು ಹೆಂಗಸರು ಇವರನ್ನು ಕೂರಿಸಿಕೊಂಡು ಹೊಸ ಕ್ರಮ ಮಾಡಿದೆವು. ಜ್ವರ, ಕೆಮ್ಮು, ಮೈಕೈನೋವು ಯಾವುದಿದ್ದರೂ ಗಾಡಿ ಹತ್ತುವ ಮೊದಲು ಮೇಸ್ತ್ರಿಗೆ ಫೋನು ಮಾಡಬೇಕು. ಮೊದಲ ಮೂರು ದಿನ ಪೂರ್ತಿ ಹಾಜರಿ. ಪರೀಕ್ಷೆಯಲ್ಲಿ ಕೋವಿಡ್ ಎಂದು ಬಂದರೆ ಆಮೇಲೆ ಹದಿನಾಲ್ಕನೆಯ ದಿನದವರೆಗೆ ಅರ್ಧ ಹಾಜರಿ, ಜೊತೆಗೆ ಮನೆಗೆ ಅಕ್ಕಿ, ಬೇಳೆ, ಎಣ್ಣೆ. ವಾರದ ಬಟವಾಡೆಯಲ್ಲಿ ಆ ದಿನಗಳ ಹಣವೂ ಸೇರಿರಬೇಕು, ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ. ಈ ಕೊನೆಯ ಮಾತನ್ನು ಸೇರಿಸಿದವರು ಹೆಂಗಸರು.

ನೆರೆಯ ಬೆಳೆಗಾರರು ಕೆಲವರು ನಕ್ಕರು. ಇನ್ನು ನಿಮ್ಮ ತೋಟದಲ್ಲಿ ಸಂತೆಯ ದಿನವೆಲ್ಲ ಜ್ವರವೇ ಎಂದರು. ಅವರ ಮಾತು ಪೂರ್ತಿ ಸುಳ್ಳಾಗಲಿಲ್ಲ. 2022ರ ಮಾರ್ಚಿನವರೆಗೆ ಜ್ವರದ ಹಾಜರಿ ಪಡೆದವರು 14 ಮಂದಿ, ದಿನಗಳು ಒಟ್ಟು 41. ಹಣ 16,000 ರೂಪಾಯಿಯ ಆಸುಪಾಸು. ಅದರಲ್ಲಿ ಒಂದು ಜ್ವರ ಖಂಡಿತವಾಗಿ ಸಂತೆಯದೇ. ಆ ಪುಣ್ಯಾತ್ಮ ಹೊಸ ಅಂಗಿ ತೊಟ್ಟು ಬಸ್ಸಿನಿಂದಿಳಿಯುವುದನ್ನು ನಾನೇ ಕಂಡೆ. ಏನೂ ಹೇಳಲಿಲ್ಲ. ಅವನನ್ನು ಹಿಡಿದು ಎಲ್ಲರೆದುರು ಕೇಳಿದ್ದರೆ ನಿಜವಾದ ಜ್ವರದವರೂ ಮರುದಿನದಿಂದ ಮಾತ್ರೆ ನುಂಗಿ ಬರುತ್ತಿದ್ದರು.

ಹಳೆಯ ಕ್ರಮಕ್ಕೆ ತಗಲಿದ ವೆಚ್ಚವನ್ನೂ ನೋಡಬೇಕು. ಆ ಮೇ ತಿಂಗಳಲ್ಲಿ 11 ಜನರೂ ಹದಿನಾಲ್ಕು ದಿನ ಮನೆಯಲ್ಲಿ ಕೂತರು. ಅವರಿಗೆ ಕೂಲಿಯಲ್ಲಿ ಆದ ನಷ್ಟ 61,600 ರೂಪಾಯಿ. ಕೊನೆಗಾರ ಇಲ್ಲದೆ ಬೋರ್ಡೋ ಮೂರು ವಾರ ತಡವಾಯಿತು, ಅಷ್ಟರಲ್ಲಿ ಮಳೆ ಹಿಡಿಯಿತು. ಕೆಳತೋಟದ ಕಾಯಿ ಮೂರರಲ್ಲೊಂದು ಪಾಲು ಕೊಳೆತು ಬಿತ್ತು. ಸುಲಿಯುವ ಹೆಂಗಸಿನ ಜೀವವನ್ನು ಈ ಲೆಕ್ಕದಲ್ಲಿ ಯಾವ ಕಲಮಿಗೆ ಬರೆಯಬೇಕೆಂದು ನನಗೆ ತಿಳಿಯದು.

ಕಾಹಿಲೆಯ ದಿನಗಳಿಗೆ ಭತ್ಯೆ ಕೊಡುವುದು ಹೊಸ ಕಲ್ಪನೆಯೇನಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಲ್ಲೇ ಅದಿತ್ತು. ಆದರೆ ಅದು ಐದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಹದಿನೈದು ಮಂದಿಗಿಂತ ಕಡಿಮೆಯಿಲ್ಲದ ಆಳುಗಳಿರುವ ತೋಟಗಳ ಮಾತು. ನಮ್ಮ ಸದಸ್ಯರಲ್ಲಿ ಬಹುಪಾಲು ಅದರ ಲೆಕ್ಕಕ್ಕೆ ಬಾರದ ಸಣ್ಣ ಬೆಳೆಗಾರರು. ದೊಡ್ಡ ತೋಟದವನು ಕಾಯ್ದೆಗೆ ಹೆದರಿ ಮಾಡಿದ್ದನ್ನು ಸಣ್ಣವನು ಯಾರ ಒತ್ತಾಯವೂ ಇಲ್ಲದೆ ಮಾಡಬೇಕಾಗುತ್ತದೆ.

ಬೇಕಾದ ನಿಯಮ, ಬೇಡದ ನಿಯಮ

ಕೂಲಿಯ ವಿಷಯ ಸರಿಹೋದ ಮೇಲೂ ಮುಖಗವಸಿನ ಕಣ್ಣುಮುಚ್ಚಾಲೆ ನಿಲ್ಲಲಿಲ್ಲ. ಕಾರಣ ಹುಡುಕಿದಾಗ ಇನ್ನೊಂದು ಸಂಗತಿ ತಿಳಿಯಿತು.

ಆರಂಭದಲ್ಲಿ ನಾವೆಲ್ಲರೂ ಈ ರೋಗ ಮುಟ್ಟಿದ ವಸ್ತುಗಳಿಂದಲೇ ಹೆಚ್ಚಾಗಿ ಬರುತ್ತದೆಂದು ತಿಳಿದಿದ್ದೆವು. ತರಕಾರಿ ತೊಳೆದೆವು, ನೋಟು ಬಿಸಿಲಿಗಿಟ್ಟೆವು, ರಸ್ತೆಗೆ ಔಷಧಿ ಸಿಂಪಡಿಸಿದರು. ಕೋವಿಡ್ ಮುಖ್ಯವಾಗಿ ಹರಡುವುದು ಉಸಿರಿನಿಂದ, ಅದರಲ್ಲೂ ಗಾಳಿಯಾಡದ ಜಾಗದಲ್ಲಿ ಹಲವರು ಹೆಚ್ಚು ಹೊತ್ತು ಒಟ್ಟಿಗಿದ್ದಾಗ ಎಂಬುದು ನಿಧಾನವಾಗಿ ಸ್ಪಷ್ಟವಾಯಿತು. ಸೋಂಕು ತಗುಲಿದವನು ಜ್ವರ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಇತರರಿಗೆ ಹರಡಬಲ್ಲ ಎಂಬುದೂ ತಿಳಿಯಿತು. ಆದ್ದರಿಂದ ಗೇಟಿನ ಪಿಸ್ತೂಲು ಮಾತ್ರೆ ನುಂಗದವರನ್ನೂ ಪೂರ್ತಿ ಹಿಡಿಯಲಾರದು.

ಈ ದೃಷ್ಟಿಯಿಂದ ತೋಟವನ್ನು ಒಮ್ಮೆ ಸುತ್ತಿ ನೋಡಿ. ಕಾಫಿ ಕೊಯ್ಯುವಾಗ ಒಬ್ಬರು ಒಂದು ಸಾಲಿನಲ್ಲಿ, ಇನ್ನೊಬ್ಬರು ಇನ್ನೊಂದು ಸಾಲಿನಲ್ಲಿ, ನಡುವೆ ಗಿಡ, ಮೇಲೆ ಬಯಲು ಗಾಳಿ. ಅಲ್ಲಿ ಅಪಾಯ ಕಡಿಮೆ. ಐವತ್ತು ಕಿಲೋ ಹಣ್ಣಿನ ಮೂಟೆ ಹೊತ್ತು ಏರು ಹತ್ತುವವನ ಮೂಗಿಗೆ ಬಟ್ಟೆ ಕಟ್ಟಿಸಿ ದಂಡ ಹಾಕುತ್ತಿದ್ದೆನಲ್ಲ, ಅದು ಮೂರ್ಖತನ. ಅಪಾಯವಿದ್ದದ್ದು ಟಾರ್ಪಾಲು ಬಿಗಿದ ಗಾಡಿಯಲ್ಲಿ, ಲೈನು ಮನೆಗಳ ಒಳಗೆ, ಮಳೆ ಬಂದಾಗ ಊಟಕ್ಕೆ ಎಲ್ಲರೂ ಒತ್ತಾಗಿ ಕೂರುವ ಗೊಬ್ಬರದ ಕೊಠಡಿಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ರಾತ್ರಿ ಹನ್ನೊಂದರವರೆಗೆ ಹತ್ತಿಪ್ಪತ್ತು ಜನ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುವ ಸುಲಿಗೆಯ ಕೋಣೆಯಲ್ಲಿ. ಅಲ್ಲಿ ನಾನು ಒಂದು ದಿನವೂ ತಪಾಸಣೆಗೆ ಹೋಗಿರಲಿಲ್ಲ. ಕಣ ಮನೆಯ ಜಗಲಿಗೆ ಕಾಣುತ್ತದೆ, ಸುಲಿಗೆಯ ಕೋಣೆ ಕಾಣುವುದಿಲ್ಲ, ಕಾರಣ ಅಷ್ಟೇ.

ಕೆಲಸಗಾರರಿಗೆ ಇದು ನನಗಿಂತ ಮೊದಲೇ ಅರ್ಥವಾಗಿತ್ತು. ಬಯಲಿನಲ್ಲಿ ಬೇಡದ ಬಟ್ಟೆ ಕಟ್ಟಿಸುವವನ ಮಾತನ್ನು ಕೋಣೆಯಲ್ಲಿ ಮಾತ್ರ ಏಕೆ ಕೇಳಬೇಕು? ಆದ್ದರಿಂದ ಬಯಲಿನ ನಿಯಮವನ್ನು ತೆಗೆದು ಹಾಕಿದೆ. ದಂಡವನ್ನೂ ತೆಗೆದೆ. ಗಾಡಿಯಲ್ಲಿ ಮತ್ತು ಸುಲಿಗೆಯಲ್ಲಿ ಮಾತ್ರ ಮುಖಗವಸು, ಅದೂ ನಾನೇ ಕೊಟ್ಟದ್ದು. ಗಾಡಿಯ ಪಕ್ಕದ ಟಾರ್ಪಾಲು ಸುತ್ತಿ ಕಟ್ಟಿ, ಒಂದು ಸುತ್ತಿನ ಬದಲು ಎರಡು ಸುತ್ತು ಓಡಿಸಿದೆವು. ಡೀಸೆಲಿನ ಖರ್ಚು ಹೆಚ್ಚಿತು, ನಿಜ.

ಸುಲಿಗೆಯವರನ್ನು ಅಂಗಳದ ಚಪ್ಪರಕ್ಕೆ ಕರೆದಾಗ ಯಾರೂ ಒಪ್ಪಲಿಲ್ಲ. ಡಿಸೆಂಬರಿನ ರಾತ್ರಿಯಲ್ಲಿ ಬೆರಳು ಸೆಟೆದು ಕತ್ತಿ ಜಾರುತ್ತದೆ, ಸುಲಿದಷ್ಟಕ್ಕೇ ಕೂಲಿ, ಕೈ ನಿಧಾನವಾದರೆ ಅವರಿಗೇ ನಷ್ಟ ಎಂದರು. ಸರಿಯಾದ ಮಾತು. ಕೊನೆಗೆ ಅವರಲ್ಲೇ ಒಬ್ಬರು ಉಪಾಯ ಹೇಳಿದರು. ಅಡಿಕೆ ಬೇಯಿಸುವ ಒಲೆಯ ಮಾಡು ಮೂರು ಕಡೆ ತೆರೆದದ್ದು. ಹಂಡೆಯ ಬಿಸಿಯೂ ಉಂಟು, ಗಾಳಿಯೂ ಉಂಟು. ಸಾಲನ್ನು ಅಲ್ಲಿಗೆ ಬದಲಾಯಿಸಿ ಎರಡು ದೀಪ ಹೆಚ್ಚು ಹಾಕಿಸಿದೆ. ಈಗಲೂ ನಮ್ಮಲ್ಲಿ ಸುಲಿಗೆ ನಡೆಯುವುದು ಅಲ್ಲೇ. ಕೋಣೆಯ ಧೂಳು, ಕೆಮ್ಮು ತಪ್ಪಿತೆಂದು ಅವರೇ ಹಿಂದಿರುಗಲು ಒಪ್ಪುತ್ತಿಲ್ಲ.

ಇನ್ನು ಯಜಮಾನನ ನಡವಳಿಕೆ. ಇದನ್ನು ಹೆಚ್ಚು ಬೆಳೆಸುವುದಿಲ್ಲ. ಆಳುಗಳಿಗೆ ಅಂತರ ಬೋಧಿಸಿ, ಮನೆಯಲ್ಲಿ ಇನ್ನೂರು ಜನರನ್ನು ಸೇರಿಸಿ ಗೃಹಪ್ರವೇಶ ಮಾಡಿದವರನ್ನು ಎಲ್ಲ ಊರಿನವರೂ ಕಂಡಿದ್ದಾರೆ. ಆ ದಿನ ಎಲೆ ಎತ್ತಿದವರು ಅದೇ ಆಳುಗಳು.

ಲಸಿಕೆಯ ದಿನ

ದೇಶದಲ್ಲಿ ಲಸಿಕೆ 2021ರ ಜನವರಿ 16ರಂದು ಆರಂಭವಾಗಿ, ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ, ಮೇ 1ರಿಂದ 18 ದಾಟಿದವರಿಗೆಲ್ಲ ತೆರೆಯಿತು. ನಮ್ಮ ಆಳುಗಳಲ್ಲಿ ಮೊದಲ ತಿಂಗಳು ಹೋದವರು ಇಬ್ಬರೇ. ಅಪನಂಬಿಕೆ, ಮೂಢನಂಬಿಕೆ ಎಂದು ನಾವು ಸಭೆಗಳಲ್ಲಿ ಮಾತನಾಡಿಕೊಂಡೆವು. ಕೇಳಿ ನೋಡಿದಾಗ ತಿಳಿದದ್ದು ಬೇರೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಸರತಿಯಲ್ಲಿ ನಿಲ್ಲಲು ಒಂದು ದಿನ, ಚುಚ್ಚಿಸಿಕೊಂಡ ಮರುದಿನ ಮೈನೋವು, ಜ್ವರಕ್ಕೆ ಇನ್ನೊಂದು ದಿನ. 800 ರೂಪಾಯಿ ಕಳೆದುಕೊಂಡು ಪುಕ್ಕಟೆ ಲಸಿಕೆ! ಎರಡು ದಿನದ ಹಾಜರಿ ಮತ್ತು ಗಾಡಿ ಎಂದು ಹೇಳಿದ ವಾರದಲ್ಲಿ ಹದಿನೇಳು ಜನ ಹೋದರು. ನಿಜವಾಗಿ ಹೆದರಿದ್ದವರು ನಾಲ್ವರು ಮಾತ್ರ, ಅವರನ್ನು ಒಪ್ಪಿಸಿದ್ದು ಮೊದಲೇ ಹಾಕಿಸಿಕೊಂಡು ಬಂದ ಮೇಸ್ತ್ರಿಯ ಹೆಂಡತಿ, ನಾನಲ್ಲ.

ಲೈನಿನಲ್ಲಿದ್ದ ಅಸ್ಸಾಮಿನ ಕುಟುಂಬಗಳಿಗೆ ನನ್ನ ಗೇಟಿನ ಹಲಗೆ ಓದಲು ಬರುತ್ತಿರಲಿಲ್ಲವೆಂಬುದು ನನಗೆ ಒಂದು ವರ್ಷ ಹೊಳೆಯಲೇ ಇಲ್ಲ. ಅವರಲ್ಲಿ ಸ್ವಲ್ಪ ಕನ್ನಡ ಕಲಿತ ಹುಡುಗನೊಬ್ಬನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಾಗ ಅರ್ಧ ಗಂಟೆಯಲ್ಲಿ ಮುಗಿದ ಕೆಲಸ ಅದು.

ಈ ಡಿಸೆಂಬರಿಗೆ

ಕೋವಿಡ್ಡಿನ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ಆದರೆ ನಮ್ಮ ಮಲೆನಾಡಿಗೆ ಪ್ರತಿ ವರ್ಷ ಡಿಸೆಂಬರಿನಿಂದ ಮೇ ತಿಂಗಳವರೆಗೆ ಇನ್ನೊಂದು ಜ್ವರದ ಕಾಲವಿದೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಅನಾಹುತವನ್ನು ಸದಸ್ಯರು ಮರೆತಿಲ್ಲ. 2024ರ ಆರಂಭದಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಸಾವುಗಳಾದವು. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು ಅದನ್ನು 2022ರಲ್ಲಿ ನಿಲ್ಲಿಸಿದ್ದಾರೆ.

ಇದು ಕೋವಿಡ್ಡಿನಂತೆ ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ಉಣುಗು ಕಚ್ಚುವುದರಿಂದ ಬರುತ್ತದೆ. ಆದ್ದರಿಂದ ಜ್ವರ ಬಂದವರನ್ನು ದೂರವಿಡುವ ಅಗತ್ಯವಿಲ್ಲ, ತಡಮಾಡದೆ ಆಸ್ಪತ್ರೆಗೆ ಮುಟ್ಟಿಸುವ ಅಗತ್ಯವಿದೆ. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆಸಿಡಿತ, ಸೊಂಟ ಕೈಕಾಲುಗಳ ತೀವ್ರ ನೋವು, ಕೆಂಪಾದ ಕಣ್ಣು ಇವು ಲಕ್ಷಣಗಳು. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ನೇರವಾಗಿ ರೋಗಕ್ಕೇ ಎನ್ನುವ ಔಷಧಿ ಇಲ್ಲದಿರುವುದರಿಂದ ಬೇಗ ಆರೈಕೆ ಸಿಗುವುದೇ ಮುಖ್ಯ. ಇಲ್ಲೂ ಅಂಗಡಿಯ ಮಾತ್ರೆ ನುಂಗಿ ನಾಲ್ಕು ದಿನ ದೂಡಿದವನಿಗೆ ಅಪಾಯ ಹೆಚ್ಚು, ಅವನು ದೂಡುವುದೂ ಅದೇ ಹಾಜರಿಗಾಗಿ.

ಉಣುಗು ಮೈಗೇರುವುದು ಎಲ್ಲಿ? ನಮ್ಮ ಸೊಪ್ಪಿನ ಬೆಟ್ಟದಲ್ಲಿ, ದರಗು ಗುಡಿಸುವಾಗ, ಸೌದೆ ತರುವಾಗ. ಅಂದರೆ ನಾವು ಕಳಿಸಿದ ಕೆಲಸದಲ್ಲಿ. ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡುತ್ತಾರೆ, ಬಾಟಲಿ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಏಕೆಂದು ಕೇಳಿದೆ. ಬೆಳಗ್ಗೆ ಮನೆಯಲ್ಲಿ ಹಚ್ಚಿಕೊಂಡರೆ ಬೆಟ್ಟ ತಲುಪುವಷ್ಟರಲ್ಲಿ ಬೆವರಿಗೆ ಹೋಗುತ್ತದೆ, ಜಿಡ್ಡು ಕೈಯಲ್ಲಿ ಕತ್ತಿ ಹಿಡಿಯಲಾಗದು, ಸಂಜೆ ತೊಳೆಯಲು ಬಿಸಿನೀರಿಲ್ಲ ಎಂದರು. ಮೂರಕ್ಕೂ ಪರಿಹಾರ ಯಜಮಾನನ ಕೈಯಲ್ಲೇ ಇದೆ. ನಮ್ಮಲ್ಲಿ ಕಳೆದ ಎರಡು ಬೇಸಿಗೆಯಿಂದ ಬಾಟಲಿಯನ್ನು ಬೆಟ್ಟದ ತಡಮೆಯ ಬಳಿ ನೇತುಹಾಕಿ, ಒಳಹೋಗುವ ಮೊದಲು ಕಾಲು ಕೈಗೆ ಹಚ್ಚಿಕೊಳ್ಳುತ್ತೇವೆ, ನಾನೂ ಸೇರಿ. ಅಂಗೈ ಒರೆಸಲು ಗೋಣಿಯ ತುಂಡು. ಉದ್ದ ತೋಳಿನ ಅಂಗಿ, ಗಂಬೂಟು ತೋಟದ ವೆಚ್ಚದಲ್ಲಿ. ಅರ್ಧ ಗಂಟೆ ಮುಂಚೆ ಕೆಲಸ ಬಿಟ್ಟು, ಬಚ್ಚಲಿನ ಹಂಡೆಯಿಂದ ಬಿಸಿನೀರು ಸ್ನಾನ. ಬಟ್ಟೆ ಅಲ್ಲೇ ಬಿಸಿನೀರಿನಲ್ಲಿ ಅದ್ದಿಟ್ಟು ಒಗೆಯುವುದು. ಸತ್ತ ಮಂಗ ಕಂಡರೆ ಮುಟ್ಟದೆ ಬಂದು ತಿಳಿಸಿದವರಿಗೆ ಅಂದಿನ ಉಳಿದ ಹೊತ್ತಿನ ಕೆಲಸ ಮಾಫಿ, ಹಾಜರಿ ಪೂರ್ತಿ. ಆ ಬೆಟ್ಟಕ್ಕೆ ಮತ್ತೆ ಹೋಗುವುದು ಆರೋಗ್ಯ ಇಲಾಖೆಯವರು ಬಂದು ನೋಡಿ ಹೇಳಿದ ಮೇಲೆ.

ಮೇಸ್ತ್ರಿ ವಯಸ್ಸಾಗಿ ಬಿಟ್ಟ ಮೇಲೆ ಜ್ವರದ ಫೋನು ಹೋಗುವುದು ಅದೇ ಕೊನೆಗಾರನಿಗೆ. ಚೆಕ್‌ರೋಲಿನಲ್ಲಿ ಜ್ವರದ ಹಾಜರಿಗೆಂದು ಒಂದು ಬೇರೆ ಗುರುತು ಇಟ್ಟುಕೊಂಡಿದ್ದಾನೆ.

ಮುಂದಿನ ಗ್ರಾಮಸಭೆಯ ಅಧ್ಯಯನ ಕೂಟಕ್ಕೆ ಬರುವ ಸದಸ್ಯರು ತಮ್ಮ 2021ರ ಮೇ, ಜೂನ್ ತಿಂಗಳ ಹಾಜರಿ ಪುಸ್ತಕವನ್ನು ತರಬೇಕಾಗಿ ವಿನಂತಿ. ಆ ಎರಡು ತಿಂಗಳಲ್ಲಿ ಒಂದೂ ರಜೆಯಿಲ್ಲದೆ ಬಂದವರು ಎಷ್ಟು ಮಂದಿ ಎಂದು ಎಣಿಸಿಕೊಂಡು ಬನ್ನಿ. ಅಲ್ಲಿಂದ ಚರ್ಚೆ ಆರಂಭಿಸೋಣ.